ಉಳುವವರ ಪಾಲಕ ಸಂತ ಇಸಿದೋರರು

ಮೇ ತಿಂಗಳ ನಡುಭಾಗವೆಂದರೆ ನಮ್ಮ ಕಾರವಾರ, ಅಂಕೋಲೆಗಳಲ್ಲಿ ಎಲ್ಲರ ಕಣ್ಣೂ ಆಕಾಶದ ಕಡೆಗಿರುವ ಕಾಲ. ಕೊಟ್ಟಿಗೆಯ ಗೊಬ್ಬರ ಗದ್ದೆ ಸೇರಿ ಸಣ್ಣ ಸಣ್ಣ ಗುಪ್ಪೆಗಳಾಗಿ ಮಳೆಗೆ ಕಾಯುತ್ತಿರುತ್ತದೆ. ಮನೆಯ ಹಿರಿಯರು ಬೀಜದ ಭತ್ತವನ್ನು ಮತ್ತೊಮ್ಮೆ ಬಿಸಿಲಿಗೆ ಹರಡಿ ಕೈಯಾಡಿಸುತ್ತಾರೆ. ಅಂಕೋಲೆಯ ಪೇಟೆಯಲ್ಲಿ ಹಾಲಕ್ಕಿ ಹೆಂಗಸರ ಬುಟ್ಟಿಗಳಿಂದ ಕರಿ ಇಶಾಡು ಮಾವಿನ ಪರಿಮಳ ಹೊರಹೊಮ್ಮುತ್ತದೆ. ಇದೇ ದಿನಗಳಲ್ಲಿ, ಮೇ 15ರಂದು, ಒಬ್ಬ ರೈತನ ಹಬ್ಬ ಬರುತ್ತದೆ. ಅವರು ಬಿಷಪರಲ್ಲ, ಗುರುಗಳಲ್ಲ, ಸನ್ಯಾಸಿಯೂ ಅಲ್ಲ. ಹೆಂಡತಿ ಮಕ್ಕಳೊಡನೆ ಬಾಳಿ, ಪರರ ಭೂಮಿಯನ್ನು ಉತ್ತು, ಬೆವರಿನ ಅನ್ನ ಉಂಡು, ಸಂತರೆನಿಸಿಕೊಂಡವರು. ಮ್ಯಾಡ್ರಿಡ್ಡಿನ ಸಂತ ಇಸಿದೋರರು ಉಳುವವರೆಲ್ಲರ ಪಾಲಕರು.

ಇವರ ಹಬ್ಬ ವಿಶ್ವ ಧರ್ಮಸಭೆಯ ಸಾಮಾನ್ಯ ಪಂಚಾಂಗದಲ್ಲಿ ಸೇರಿಲ್ಲದ ಕಾರಣ ನಮ್ಮ ಇಗರ್ಜಿಗಳ ಪೂಜೆಯಲ್ಲಿ ಇವರ ಹೆಸರು ಕಿವಿಗೆ ಬೀಳುವುದು ಅಪರೂಪ. ಆದರೂ ಇವರು ನಮಗೆ ತೀರ ಅಪರಿಚಿತರಲ್ಲ. ಕಾಳಿ ನದಿಯನ್ನು ದಾಟಿ, ಮಾಜಾಳಿಯ ಗಡಿಯಾಚೆ ಹಳೆ ಗೋವೆಗೆ ಹೋಗಿ ಸಂತ ಫ್ರಾನ್ಸಿಸ್ ಕ್ಸೇವಿಯರರ ದರ್ಶನ ಪಡೆದು ಬರದ ಕುಟುಂಬ ನಮ್ಮಲ್ಲಿ ವಿರಳ. ಆ ಕ್ಸೇವಿಯರರಿಗೆ ಸಂತ ಪದವಿ ದೊರೆತದ್ದು 1622ರ ಮಾರ್ಚ್ 12ರಂದು, ಜಗದ್ಗುರು 15ನೆಯ ಗ್ರೆಗರಿಯವರಿಂದ. ಅಂದು ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲಿ ಅವರೊಡನೆ ಇನ್ನೂ ನಾಲ್ವರು ಸಂತರೆಂದು ಸಾರಲ್ಪಟ್ಟರು: ಯೇಸುಸಭೆಯನ್ನು ಸ್ಥಾಪಿಸಿದ ಇಗ್ನೇಶಿಯಸ್ ಲೊಯೋಲ, ಆವಿಲಾದ ತೆರೇಸಾ, ರೋಮಿನ ಫಿಲಿಪ್ ನೇರಿ ಮತ್ತು ನಮ್ಮ ಈ ಇಸಿದೋರರು. ಆ ಸಮಾರಂಭದ ಅಲಂಕಾರಗಳು ಮೊದಲಿಗೆ ಸಿದ್ಧವಾದದ್ದು ರೈತನೊಬ್ಬನಿಗಾಗಿ ಮಾತ್ರವೇ ಎಂಬುದು ಕುತೂಹಲದ ಸಂಗತಿ. ಉಳಿದ ನಾಲ್ವರ ಹೆಸರು ಅನಂತರ ಕೂಡಿಕೊಂಡಿತು. ಸಾಗರಗಳನ್ನು ದಾಟಿದ ಕ್ಸೇವಿಯರರನ್ನು ನಾವು ಬಲ್ಲೆವು. ಊರಿನ ಹೊಲದ ಬದುವನ್ನು ಬಿಟ್ಟು ಹೆಚ್ಚು ದೂರ ಹೋಗದ, ಒಂದು ಪುಸ್ತಕವನ್ನೂ ಬರೆಯದ, ಒಂದು ಮಠವನ್ನೂ ಕಟ್ಟದ ಈ ರೈತ ಅವರ ಸರಿಸಮಕ್ಕೆ ನಿಂತದ್ದು ಹೇಗೆ ಎಂಬುದನ್ನು ತಿಳಿಯುವ ಪ್ರಯತ್ನವನ್ನು ನಾವಿಲ್ಲಿ ಮಾಡಿದ್ದೇವೆ.

ಇಸಿದೋರರು ಹುಟ್ಟಿದ್ದು 11ನೆಯ ಶತಮಾನದ ಕೊನೆಯ ಭಾಗದಲ್ಲಿ. ಸಂಪ್ರದಾಯವು ಸುಮಾರು 1070 ಎಂದು ಹೇಳುತ್ತದೆ. ಮ್ಯಾಡ್ರಿಡ್ ಆಗ ರಾಜಧಾನಿಯಾಗಿರಲಿಲ್ಲ. ಮುಸ್ಲಿಮ್ ಅರಸರು ಕಟ್ಟಿಸಿದ ಕೋಟೆಯ ಸುತ್ತ ಬೆಳೆದ ಒಂದು ಸಣ್ಣ ಊರು. ಆ ಕಾಲದಲ್ಲೇ ಅದು ಕ್ಯಾಸ್ಟೀಲಿನ ದೊರೆ 6ನೆಯ ಅಲ್ಫಾನ್ಸೋವಿನ ಕೈಸೇರಿತು. ಯುದ್ಧ, ವಲಸೆ, ಲೂಟಿಗಳ ನಡುವೆ ಬಡವರ ಮನೆಯಲ್ಲಿ ಹುಟ್ಟಿದ ಮಗುವಿಗೆ ತಂದೆತಾಯಿಯರು ಸೆವಿಲ್ಲಿನ ಮಹಾಪಂಡಿತ ಬಿಷಪ್ ಸಂತ ಇಸಿದೋರರ ಹೆಸರಿಟ್ಟರು. ಹೆಸರು ಪಂಡಿತನದು, ಬಾಳು ಮಾತ್ರ ಅಕ್ಷರವರಿಯದವನದು. ಬಾವಿ ತೋಡುವ ಕೆಲಸವನ್ನು ಅವರು ಕೆಲಕಾಲ ಮಾಡಿದರೆಂಬ ಪ್ರತೀತಿಯಿದೆ. 1110ರ ಸುಮಾರಿಗೆ ದಕ್ಷಿಣದಿಂದ ದಾಳಿ ನಡೆದಾಗ ಹಲವರಂತೆ ಅವರೂ ಊರು ಬಿಟ್ಟು ಟೊರೆಲಗೂನಾ ಎಂಬಲ್ಲಿಗೆ ಹೋದರೆಂದೂ, ಅಲ್ಲಿಯೇ ಮರಿಯಾ ಎಂಬ ಸದ್ಗುಣವಂತೆಯ ಕೈಹಿಡಿದರೆಂದೂ ಹೇಳಲಾಗುತ್ತದೆ. ಊರಿಗೆ ಮರಳಿದ ಮೇಲೆ ವರ್ಗಾಸ್ ಎಂಬ ಜಮೀನುದಾರರ ಹೊಲಗಳಲ್ಲಿ ಆಳಾಗಿ ಸೇರಿದರು. ಮುಂದಿನ ಬಾಳೆಲ್ಲ ಆ ಮಣ್ಣಿನಲ್ಲೇ.

ಆ ಹೊಲಗಳು ನಮ್ಮ ಗದ್ದೆಗಳಂತಲ್ಲ. ಮ್ಯಾಡ್ರಿಡ್ಡಿನಲ್ಲಿ ವರ್ಷಕ್ಕೆ ಬೀಳುವ ಮಳೆ 400 ಮಿಲಿಮೀಟರಿಗಿಂತ ಸ್ವಲ್ಪವೇ ಹೆಚ್ಚು. ಕಾರವಾರದಲ್ಲಿ ಅದು ಸುಮಾರು 3,000. ಅಲ್ಲಿ ಗೋದಿ, ಬಾರ್ಲಿ. ಚಳಿಗಾಲದಲ್ಲಿ ಹಿಮ, ಬೇಸಿಗೆಯಲ್ಲಿ ಸುಡುವ ಬಯಲು. ಒಂದು ವರ್ಷ ಬೆಳೆದ ಹೊಲವನ್ನು ಮರುವರ್ಷ ಬಿತ್ತದೆ ಬೀಳು ಬಿಡುವುದು ಆ ನಾಡಿನ ಹಳೆಯ ಪದ್ಧತಿ. ಬಿಟ್ಟ ಹೊಲದಲ್ಲಿ ಕುರಿ, ದನ ಮೇಯ್ದು ಹಿಕ್ಕೆ ಸಗಣಿ ಉದುರಿಸುತ್ತಿದ್ದವು. ಮಣ್ಣು ತೇವವನ್ನೂ ಸಾರವನ್ನೂ ಮರಳಿ ಕೂಡಿಸಿಕೊಳ್ಳುತ್ತಿತ್ತು. ಏಳನೆಯ ವರ್ಷ ಭೂಮಿಗೆ ವಿಶ್ರಾಂತಿ ಕೊಡಬೇಕೆಂದು ಯಾಜಕಕಾಂಡದಲ್ಲಿ ವಿಧಿಸಿರುವುದನ್ನು ನಾವು ಓದಿದ್ದೇವೆ. ಕ್ಯಾಸ್ಟೀಲಿನ ರೈತ ತನ್ನ ಬಡ ಮಣ್ಣಿನ ಸ್ವಭಾವವನ್ನರಿತು ಎರಡನೆಯ ವರ್ಷಕ್ಕೇ ಅದನ್ನು ಕೊಡುತ್ತಿದ್ದ. ದುಡಿಯುವ ಎತ್ತಿಗೂ ಆಳಿಗೂ ಭಾನುವಾರವಿರುವಂತೆ ಮಣ್ಣಿಗೂ ಒಂದು ಬಿಡುವಿತ್ತು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಇತ್ತೀಚೆಗೆ ಇಸಿದೋರರನ್ನು ರಾಸಾಯನಿಕ ರಹಿತ ಕೃಷಿಯ ಸಂತನೆಂದು ಕೊಂಡಾಡುವವರಿದ್ದಾರೆ. ಅದರಲ್ಲಿ ಅರ್ಧ ಸತ್ಯವಿದೆ. ಅವರ ಕಾಲದಲ್ಲಿ ರಾಸಾಯನಿಕ ಗೊಬ್ಬರವೇ ಇರಲಿಲ್ಲ. ಗಾಳಿಯ ಸಾರಜನಕವನ್ನು ಹಿಡಿದು ಗೊಬ್ಬರವಾಗಿಸುವ ಕಾರ್ಖಾನೆ ಜರ್ಮನಿಯಲ್ಲಿ ಶುರುವಾದದ್ದು 1913ರಲ್ಲಿ. ಡಿಡಿಟಿಯ ಕೀಟನಾಶಕ ಗುಣವನ್ನು ಕಂಡುಕೊಂಡದ್ದು 1939ರಲ್ಲಿ. ಇಲ್ಲದ್ದನ್ನು ಬಿಟ್ಟವನನ್ನು ತ್ಯಾಗಿ ಎನ್ನಲಾಗದು. ಅವರು ಸಂತರಾದದ್ದು ಬಳಸದ ವಸ್ತುವಿನಿಂದಲ್ಲ, ಬೆಳೆಯ ವಿಷಯದಲ್ಲಿ ತಾಳಿದ ಮನೋಭಾವದಿಂದ. ಆ ಮನೋಭಾವ ಇಂದು ನಮ್ಮ ಗದ್ದೆಯ ಬದುವಿನ ಮೇಲೆ ನಿಂತು ಏನು ಕೇಳೀತು ಎಂಬುದು ಬೇರೆಯೇ ಪ್ರಶ್ನೆ, ಮತ್ತು ಅದೇ ಮುಖ್ಯವಾದ ಪ್ರಶ್ನೆ.

ಇಸಿದೋರರ ಬಗೆಗೆ ನಮಗಿರುವ ಅತಿ ಹಳೆಯ ಬರಹ ಅವರು ತೀರಿಕೊಂಡ ನೂರೈವತ್ತು ವರ್ಷಗಳ ಬಳಿಕ, 13ನೆಯ ಶತಮಾನದ ಕೊನೆಯ ಭಾಗದಲ್ಲಿ, ಜುವಾನ್ ಎಂಬ ಉಪಯಾಜಕ ಲ್ಯಾಟಿನ್ ಭಾಷೆಯಲ್ಲಿ ಬರೆದದ್ದು. ಜನರ ಬಾಯಲ್ಲಿ ಉಳಿದಿದ್ದ ಕೆಲವು ಪ್ರಸಂಗಗಳನ್ನು ಅವನು ಒಟ್ಟುಗೂಡಿಸಿದ. ಇವುಗಳನ್ನು ಇತಿಹಾಸವೆಂದು ಅಳೆಯುವುದು ಕಷ್ಟ. ಆದರೆ ಒಬ್ಬ ಬಡ ಉಳುಮೆಗಾರನಲ್ಲಿ ನೆರೆಹೊರೆಯವರು ಏನನ್ನು ಕಂಡಿದ್ದರು ಎಂಬುದಕ್ಕೆ ಇವಕ್ಕಿಂತ ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ.

ಅವುಗಳಲ್ಲಿ ಎಲ್ಲರಿಗೂ ಪರಿಚಿತವಾದದ್ದು ದೇವದೂತರ ಉಳುಮೆಯ ಪ್ರಸಂಗ. ಇಸಿದೋರರು ನಸುಕಿನಲ್ಲೆದ್ದು ಊರಿನ ದೇವಾಲಯಗಳನ್ನು ಸುತ್ತಿ, ಪೂಜೆಯಲ್ಲಿ ಭಾಗವಹಿಸಿ, ಅನಂತರವೇ ಹೊಲಕ್ಕೆ ಬರುತ್ತಿದ್ದರು. ಉಳಿದ ಆಳುಗಳಿಗೆ ಇದು ಸಹಿಸಲಿಲ್ಲ. ಇವನು ಪ್ರಾರ್ಥನೆಯ ನೆಪದಲ್ಲಿ ಹೊತ್ತು ಕಳೆಯುತ್ತಾನೆ, ಒಡೆಯನಿಗೆ ನಷ್ಟ ಮಾಡುತ್ತಾನೆ ಎಂದು ದೂರು ಹೋಯಿತು. ಒಡೆಯ ಸಿಟ್ಟಿನಿಂದ ಬಂದು ವಿಚಾರಿಸಿದ. ನಾವು ನಿಂತು ನೋಡಬೇಕಾದ ಘಳಿಗೆ ಇದು. ಇಸಿದೋರರು ದೇವರ ಹೆಸರು ಹೇಳಿ ಒಡೆಯನ ಬಾಯಿ ಮುಚ್ಚಿಸಲಿಲ್ಲ. ಪ್ರಾರ್ಥನೆಯನ್ನು ಬಿಡಲಾರೆನೆಂದು ವಿನಯದಿಂದ ತಿಳಿಸಿ, ನೆರೆಯವರ ಫಸಲಿನೊಡನೆ ತನ್ನ ಫಸಲನ್ನು ಹೋಲಿಸಿ ನೋಡಬೇಕೆಂದೂ, ಕಡಿಮೆ ಬಿದ್ದರೆ ಆ ನಷ್ಟವನ್ನು ತನ್ನ ಪಾಲಿನಿಂದ ತುಂಬಿಕೊಡುವುದಾಗಿಯೂ ಒಪ್ಪಿಕೊಂಡರು. ಒಡೆಯನ ಸಂಶಯ ಆಗಲೂ ತೀರಲಿಲ್ಲ. ಒಂದು ಮುಂಜಾನೆ ಅವನು ಮರೆಯಲ್ಲಿ ನಿಂತು ನೋಡಿದಾಗ ಇಸಿದೋರರ ನೇಗಿಲಿನ ಅಕ್ಕಪಕ್ಕದಲ್ಲಿ ಬಿಳಿಯ ಎತ್ತುಗಳ ಎರಡು ಜೋಡಿಗಳು ಉಳುತ್ತಿರುವುದು ಕಂಡಿತು. ಹತ್ತಿರ ಬರುವಷ್ಟರಲ್ಲಿ ಅವು ಮಾಯ. ಯಾರ ಸಹಾಯವನ್ನು ಪಡೆದೆಯೆಂದು ಕೇಳಿದ್ದಕ್ಕೆ, ದೇವರನ್ನು ಬಿಟ್ಟು ಇನ್ನಾರನ್ನೂ ತಾನು ಕರೆದದ್ದಿಲ್ಲವೆಂಬುದೇ ಉತ್ತರವಾಗಿತ್ತು.

ಚಿತ್ರಕಾರರು ಬಿಳಿಯ ಎತ್ತುಗಳ ಜೊತೆಗೆ ರೆಕ್ಕೆಯುಳ್ಳ ದೇವದೂತರನ್ನೂ ಬರೆದರು. ಇಂದಿಗೂ ಸಂತರ ಚಿತ್ರಪಟಗಳಲ್ಲಿ ಕಾಣುವುದು ಅದನ್ನೇ. ನಮ್ಮ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡದು ತನ್ನ ಪಾಲಿನಿಂದ ತುಂಬಿಕೊಡುತ್ತೇನೆಂಬ ಆ ಒಪ್ಪಿಗೆ. ಭಕ್ತಿಗೆ ಒಂದು ಬೆಲೆಯಿದ್ದರೆ ಅದನ್ನು ಒಡೆಯನ ತಲೆಗೆ ಕಟ್ಟದೆ, ನೆರೆಯವನ ತಲೆಗೂ ಕಟ್ಟದೆ, ತಾನೇ ತೆರುವುದಾಗಿ ಹೇಳುವ ಪ್ರಾಮಾಣಿಕತೆ ಅದು.

ಸಗಣಿ ಗೊಬ್ಬರವನ್ನೇ ನಂಬಿ ಬೇಸಾಯ ಮಾಡಲು ಹೊರಟ ನಮ್ಮ ಕುಟುಂಬಗಳೂ ಇದೇ ದೂರನ್ನು ಎದುರಿಸುತ್ತವೆ. ಹೊತ್ತು ಹಾಳು, ಕೂಲಿ ದಂಡ, ಫಸಲು ಕಡಿಮೆ ಎಂಬ ಮಾತು ಮನೆಯೊಳಗಿನಿಂದಲೇ ಏಳುತ್ತದೆ. ಆ ಮಾತಿನಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಯೂರಿಯಾಕ್ಕೆ ಒಗ್ಗಿಹೋದ ಗದ್ದೆ ಒಮ್ಮೆಗೇ ಅದನ್ನು ನಿಲ್ಲಿಸಿದರೆ ಮೊದಲ ಕೆಲವು ವರ್ಷ ಸೊರಗುವುದುಂಟು. ಬೆಟ್ಟದಿಂದ ದರಕು ಗುಡಿಸಿ ತಂದು ಕೊಟ್ಟಿಗೆಗೆ ಹಾಸಿ, ದನದ ಕಾಲಡಿ ಕೊಳೆಸಿ, ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ಹಾಕಲು ಕೈಗಳು ಬೇಕು. ನಮ್ಮ ಮನೆಗಳ ಕೈಗಳು ಮುಂಬಯಿಯಲ್ಲಿವೆ, ಗೋವೆಯಲ್ಲಿವೆ, ಕೊಲ್ಲಿ ರಾಷ್ಟ್ರಗಳಲ್ಲಿವೆ. ಕೊಟ್ಟಿಗೆಯಿದ್ದ ಕಡೆ ಈಗ ಮೋಟಾರು ಸೈಕಲ್ ನಿಂತಿದೆ. ಪೇಟೆಯಿಂದ ಅಕ್ಕಿ ತಂದು ಉಣ್ಣುವ ನಮ್ಮಂಥವರು ಕುರ್ಚಿಯಲ್ಲಿ ಕುಳಿತು ರೈತನಿಗೆ ನೈಸರ್ಗಿಕ ಕೃಷಿಯ ಉಪದೇಶ ಮಾಡುವುದು ಸುಲಭ. ನಷ್ಟವನ್ನು ತನ್ನ ಪಾಲಿನಿಂದ ತುಂಬಿಕೊಟ್ಟ ಇಸಿದೋರರ ಎದುರು ಅಂಥ ಉಪದೇಶ ನಿಲ್ಲಲಾರದು. ಆ ಅಕ್ಕಿಗೆ ನಾಲ್ಕು ಕಾಸು ಹೆಚ್ಚು ಕೊಡಲು ನಾವು ಸಿದ್ಧರಿದ್ದೇವೆಯೇ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು.

ಆದರೆ ಲೆಕ್ಕದ ಇನ್ನೊಂದು ಪುಟವೂ ಇದೆ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. ಭತ್ತದ ಗದ್ದೆಗೆ ಹಾಕಿದ ಸಾರಜನಕದ ಅರ್ಧಕ್ಕೂ ಹೆಚ್ಚು ಪಾಲು ಸಾಮಾನ್ಯವಾಗಿ ಪೈರಿಗೆ ದಕ್ಕುವುದೇ ಇಲ್ಲ. ಕೆಲವಷ್ಟು ಗಾಳಿಗೆ, ಕೆಲವಷ್ಟು ನೀರಿನೊಡನೆ ಹಳ್ಳಕ್ಕೆ ಹೋಗುತ್ತದೆ, ಇನ್ನಷ್ಟು ನೈಟ್ರೇಟಾಗಿ ನೆಲದಾಳಕ್ಕೆ ಇಳಿಯುತ್ತದೆ. ನಮ್ಮಂತೆ ಜಡಿಮಳೆ ಸುರಿಯುವ, ಜಂಬಿಟ್ಟಿಗೆ ಮಣ್ಣು ಮತ್ತು ಮರಳಿನ ಊರಿನಲ್ಲಿ ಇದು ಇನ್ನೂ ಬೇಗ. ಕೊಟ್ಟಿಗೆ ಗೊಬ್ಬರದ ಕೆಲಸ ನಿಧಾನ. ಎರೆಹುಳು, ಕಣ್ಣಿಗೆ ಕಾಣದ ಅಣುಜೀವಿಗಳು ಅದನ್ನು ತಿಂದು ಕರಗಿಸಿ ಬೇರಿಗೆ ಉಣಿಸಬೇಕು. ಮಣ್ಣು ಸಡಿಲಾಗಿ ನೀರನ್ನು ಹಿಡಿದಿಡುತ್ತದೆ. ಈ ವರ್ಷ ಹಾಕಿದ್ದು ಬರುವ ವರ್ಷಕ್ಕೂ ಸ್ವಲ್ಪ ಉಳಿಯುತ್ತದೆ. ಇಸಿದೋರರ ಪಕ್ಕದಲ್ಲಿ ಯಾರಿಗೂ ಕಾಣದೆ ಉಳುತ್ತಿದ್ದ ಆ ಜೋಡಿಗಳ ಕಥೆಯನ್ನು ಓದುವಾಗ ನಮಗೆ ಈ ಕಾಣದ ದುಡಿಮೆಗಾರರ ನೆನಪಾಗುವುದು ಸಹಜ.

ಎರಡನೆಯ ಪ್ರಸಂಗ ಹಕ್ಕಿಗಳದು. ಚಳಿಗಾಲದ ಒಂದು ದಿನ, ನೆಲವೆಲ್ಲ ಹಿಮದಿಂದ ಮುಚ್ಚಿಹೋಗಿತ್ತು. ಇಸಿದೋರರು ಗೋದಿಯ ಚೀಲವನ್ನು ಬೀಸಲು ಗಿರಣಿಗೆ ಕೊಂಡೊಯ್ಯುತ್ತಿದ್ದರು. ಬೋಳು ಕೊಂಬೆಗಳ ಮೇಲೆ ಪಾರಿವಾಳಗಳ ಹಿಂಡು ಹಸಿದು ಕುಳಿತಿತ್ತು. ಅವರು ಕಾಲಿನಿಂದಲೂ ಕೈಯಿಂದಲೂ ಹಿಮವನ್ನು ಸರಿಸಿ, ನೆಲ ಬಿಡಿಸಿ, ಚೀಲದ ಕಾಳನ್ನು ಧಾರಾಳವಾಗಿ ಸುರಿದರು. ಜೊತೆಗಿದ್ದವನು ನಕ್ಕನು; ಇಷ್ಟು ಕಷ್ಟಪಟ್ಟು ಬೆಳೆದದ್ದನ್ನು ಚೆಲ್ಲುವವನಿಗೆ ಬುದ್ಧಿಯಿದೆಯೇ ಎಂದು ಹಂಗಿಸಿದನು. ಗಿರಣಿ ತಲುಪಿದಾಗ ಚೀಲ ತುಂಬಿತ್ತು, ಹಿಟ್ಟು ಮಾಮೂಲಿಗಿಂತ ಹೆಚ್ಚಾಗಿ ಬಂತು. ಬಿತ್ತುವಾಗಲೂ ದೇವರಿಗೊಂದು ಹಿಡಿ, ತಮಗೊಂದು ಹಿಡಿ, ಹಕ್ಕಿಗೊಂದು ಹಿಡಿ, ಇರುವೆಗೊಂದು ಹಿಡಿ ಎಂದು ಅವರು ಬೀಜ ಚೆಲ್ಲುತ್ತಿದ್ದರೆಂಬ ನಂಬಿಕೆ ಸ್ಪೇನಿನ ಹಳ್ಳಿಗಳಲ್ಲಿದೆ.

ಈ ಕಥೆ ಓದುವಾಗ ನಮ್ಮ ಕರಾವಳಿಯ ಬೇರೊಂದು ಕಥೆ ಮನಸ್ಸಿಗೆ ಬಂದು ಕಾಡುತ್ತದೆ. ಕಾಸರಗೋಡಿನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ದಕ್ಷಿಣ ಕನ್ನಡದ ಕೊಕ್ಕಡದ ಕಡೆಯ ಗೇರುತೋಟಗಳಲ್ಲಿಯೂ ಅದೇ ನಡೆಯಿತು. ಗುರಿಯಿಟ್ಟದ್ದು ಗೇರುಹೂವಿಗೆ ಮುತ್ತುವ ಸೊಳ್ಳೆಗೆ. ಮೊದಲು ಕಾಣೆಯಾದವು ಜೇನು, ಕಪ್ಪೆ, ಮೀನು. ಆಮೇಲೆ ಆ ಊರುಗಳ ಮನೆಗಳಲ್ಲಿ ಅಂಗವೈಕಲ್ಯ, ಬುದ್ಧಿಮಾಂದ್ಯ ಹೊತ್ತ ಮಕ್ಕಳು ಹುಟ್ಟಿದರು. ತಾಯಂದಿರು ಇಂದಿಗೂ ಆ ಮಕ್ಕಳನ್ನು ಹೊತ್ತು ಸಾಕುತ್ತಿದ್ದಾರೆ. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಿಷದ ತಯಾರಿಕೆ, ಮಾರಾಟಗಳನ್ನು ದೇಶದಲ್ಲಿ ತಡೆಯಿತು. ಹಕ್ಕಿಯ ಪಾಲಿಗೆ ವಿಷವಾದದ್ದು ಮನುಷ್ಯನ ಪಾಲಿಗೆ ಅಮೃತವಾಗಿ ಉಳಿಯಲಿಲ್ಲ. ಹಿಮ ಸರಿಸಿ ಕಾಳು ಸುರಿದವನನ್ನು ನೋಡಿ ನಕ್ಕ ಆ ಜೊತೆಗಾರ ಲೆಕ್ಕ ಬಲ್ಲವನೇ ಇರಬೇಕು. ಅವನ ಲೆಕ್ಕದಲ್ಲಿ ಪಾರಿವಾಳಗಳಿಗೆ ಕಲಮು ಇರಲಿಲ್ಲ, ಅಷ್ಟೇ.

ಇಸಿದೋರರ ಮನೆಯ ಒಲೆಯ ಮೇಲಿನ ಗಡಿಗೆಯ ವಿಷಯವನ್ನೂ ಹೇಳಬೇಕು. ಬಂದ ಭಿಕ್ಷುಕರಿಗೆಲ್ಲ ಉಣಬಡಿಸಿ ಗಡಿಗೆ ಖಾಲಿಯಾಗಿತ್ತು. ಮತ್ತೊಬ್ಬ ಬಂದು ನಿಂತ. ಇಸಿದೋರರು ಹೆಂಡತಿಗೆ ಇನ್ನಷ್ಟು ತರಲು ಹೇಳಿದರು. ಏನೂ ಉಳಿದಿಲ್ಲವೆಂದು ಬಲ್ಲ ಆಕೆ ಎದುರಾಡದೆ ಒಳಗೆ ಹೋದಳು, ಗಡಿಗೆ ತುಂಬಿತ್ತು. ಅನ್ನದ ಪವಾಡಗಳೆಲ್ಲ ಕೊನೆಗೆ ಅಡುಗೆಮನೆಯ ಹೆಂಗಸಿನ ಕೈಯಲ್ಲೇ ಆಗುತ್ತವೆ ಎಂಬುದನ್ನು ಧರ್ಮಸಭೆ ಮರೆಯಲಿಲ್ಲ. ಮರಿಯಾ ಅವರನ್ನು 1697ರಲ್ಲಿ ಜಗದ್ಗುರು 12ನೆಯ ಇನ್ನೊಸೆಂಟರು ಧನ್ಯರ ಸಾಲಿಗೆ ಸೇರಿಸಿದರು. ಗಂಡನೂ ಹೆಂಡತಿಯೂ ಪೂಜ್ಯರಾದ ಇಂಥ ಮನೆಗಳು ಸಂತರ ಚರಿತ್ರೆಯಲ್ಲಿ ಹೆಚ್ಚಿಲ್ಲ. ಅವರಿಗೆ ಒಬ್ಬ ಮಗನಿದ್ದನೆಂದೂ, ಕೂಸು ಬಾವಿಗೆ ಬಿದ್ದಾಗ ತಂದೆತಾಯಿಯರು ಮೊಣಕಾಲೂರಿ ಪ್ರಾರ್ಥಿಸಲು ನೀರು ಅಂಚಿನವರೆಗೆ ಏರಿ ಮಗುವನ್ನು ಮರಳಿ ಕೊಟ್ಟಿತೆಂದೂ ಹೇಳುತ್ತಾರೆ. ಇದು ಜುವಾನನ ಬರಹದಲ್ಲಿಲ್ಲ, ಅನಂತರ ಸೇರಿದ್ದು. ಆದರೂ ಸ್ಪೇನಿನ ಜನ ಅತಿ ಹೆಚ್ಚು ಪ್ರೀತಿಸುವುದು ಇದನ್ನೇ. ಬಾವಿಯ ನೀರು ಮಗುವಿನ ಜೀವ ಎಂಬುದನ್ನು ಅರಿಯಲು ನಮ್ಮ ತಾಯಂದಿರಿಗೆ ಪವಾಡವೇನೂ ಬೇಕಿಲ್ಲ. ಗದ್ದೆಗೆ ಹಾಕಿದ್ದು ಎಲ್ಲಿಗೆ ಇಳಿಯುತ್ತದೆ ಎಂಬುದನ್ನು ಮೇಲೆ ಹೇಳಿದ್ದೇವೆ.

ಇಸಿದೋರರು ತೀರಿಕೊಂಡದ್ದು 1130ರಲ್ಲೆಂದು ಸಂಪ್ರದಾಯ. ಸಂತ ಅಂದ್ರೆಯರ ದೇವಾಲಯದ ಸ್ಮಶಾನದಲ್ಲಿ ಬಡವರ ನಡುವೆ ಮಣ್ಣಾಯಿತು. ಮಳೆನೀರು ಹರಿದು ಸಮಾಧಿಯ ಗುರುತೇ ಅಳಿಸುವಂತಾಗಿತ್ತಂತೆ. ಸುಮಾರು ನಲವತ್ತು ವರ್ಷಗಳ ಬಳಿಕ ತೆಗೆದು ನೋಡಿದಾಗ ದೇಹ ಕೆಡದೆ ಉಳಿದಿದ್ದಿತೆಂದೂ, ಆಗ ಅದನ್ನು ದೇವಾಲಯದೊಳಕ್ಕೆ ತಂದರೆಂದೂ ಬರೆದಿದೆ. ಐದು ಶತಮಾನಗಳ ಕಾಲ ಅವರು ಜನರ ಸಂತರು, ರೋಮಿನ ಮುದ್ರೆ ಬೀಳದ ಸಂತರು. ಬರಗಾಲ ಬಂದಾಗ ಮ್ಯಾಡ್ರಿಡ್ಡಿನ ಜನ ಅವರ ದೇಹವನ್ನು ಹೊತ್ತು ಮಳೆಗಾಗಿ ಮೆರವಣಿಗೆ ಹೊರಡುತ್ತಿದ್ದರು. ಮಹಾಕವಿ ಲೋಪೆ ದೆ ವೇಗಾ 1599ರಲ್ಲಿ ಅವರ ಮೇಲೊಂದು ಕಾವ್ಯವನ್ನೇ ರಚಿಸಿದ. ದೊರೆ 3ನೆಯ ಫಿಲಿಪ್ಪನ ಕಾಯಿಲೆ ಅವರ ಮಧ್ಯಸ್ಥಿಕೆಯಿಂದ ವಾಸಿಯಾಯಿತೆಂಬ ಸುದ್ದಿ ಹರಡಿದ್ದು 1619ರಲ್ಲಿ. ಅದೇ ವರ್ಷ ಧನ್ಯಪದವಿ, ಮೂರು ವರ್ಷಗಳಲ್ಲಿ ಸಂತ ಪದವಿ. ಜಗದ್ಗುರು 23ನೆಯ ಯೊವಾನ್ನರು 1960ರಲ್ಲಿ ಅವರನ್ನು ಸ್ಪೇನಿನ ರೈತರ ಪಾಲಕರೆಂದು ಘೋಷಿಸಿದರು. ಆ ಜಗದ್ಗುರುಗಳೂ ಗೇಣಿಗೆ ಗೇಯುತ್ತಿದ್ದ ರೈತನ ಮಗನೇ.

ಓದುಬರಹವಿಲ್ಲದವರ ಜ್ಞಾನವನ್ನು ನಾವು ತಡವಾಗಿ ಗುರುತಿಸುವುದು ಸ್ಪೇನಿಗೆ ಮಾತ್ರ ಸೀಮಿತವಲ್ಲ. ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ಬೀಜ ಆರಿಸಿ, ಸಸಿ ಮಾಡಿ, ಮರದ ಗುಣವನ್ನು ಬೆರಳ ತುದಿಯಲ್ಲಿ ಬಲ್ಲವರಾಗಿದ್ದರು. 2021ರ ನವೆಂಬರಿನಲ್ಲಿ ದೆಹಲಿಯ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ನಡೆದು ಪದ್ಮಶ್ರೀ ಸ್ವೀಕರಿಸಿದಾಗ ನಮ್ಮ ಜಿಲ್ಲೆಯೇ ತಲೆಯೆತ್ತಿ ನೋಡಿತು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅವರ ಧರ್ಮ ಬೇರೆ, ದೇವರ ಹೆಸರು ಬೇರೆ. ಇಸಿದೋರರು ಅಂಕೋಲೆಯ ಸಂತೆಗೆ ಬಂದರೆ ಮೊದಲು ಹೋಗಿ ಕೂರುವುದು ಅಂಥವರ ಜೊತೆಯಲ್ಲೇ ಎಂದು ನಾವು ನಂಬುತ್ತೇವೆ. ನಮ್ಮ ಮನೆಗಳಿಗೆ ಕೆಂಪು ಹರಿವೆ, ಬಸಳೆ, ಗೆಣಸು ಹೊತ್ತು ತರುವ ಹಾಲಕ್ಕಿ ತಾಯಂದಿರೊಡನೆ ನಾವು ಎರಡು ರೂಪಾಯಿಗೆ ಚೌಕಾಸಿ ಮಾಡುವಾಗ ಇದನ್ನೊಮ್ಮೆ ನೆನೆಯುವುದುಂಟೇ? ಅದೇ ರೀತಿ, ಅಂಕೋಲೆಯಿಂದ ದಕ್ಷಿಣಕ್ಕೆ ಕುಮಟೆಯ ಅಘನಾಶಿನಿ ಅಳಿವೆಯ ಗಜನಿಗಳಲ್ಲಿ ಉಪ್ಪುನೀರನ್ನು ತಾಳಿಕೊಂಡು ಬೆಳೆಯುವ ಕಗ್ಗ ಭತ್ತಕ್ಕೆ ಯಾವ ಗೊಬ್ಬರವನ್ನೂ ಹಾಕುವ ರೂಢಿಯಿಲ್ಲ. ಹೊಳೆಯ ನೆರೆ, ಸಮುದ್ರದ ಉಬ್ಬರ ತಂದು ಬಿಡುವ ಮೆಕ್ಕಲೇ ಅದರ ಆಹಾರ. ಇಶಾಡು ಮಾವಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು, ಸಂತೋಷ. ಕಾರ್ಬೈಡಿನ ಪುಡಿ ಕಾಣದೆ ಹುಲ್ಲಿನ ಅಡೆಯಲ್ಲಿ ಹಣ್ಣಾದ ಇಶಾಡನ್ನು ಒಮ್ಮೆ ತಿಂದವರಿಗೆ ಮಾನ್ಯತೆಯ ಪತ್ರ ಬೇಕಾಗಿರಲಿಲ್ಲ.

ನಮ್ಮ ಧರ್ಮಸಭೆಯ ನಡೆನುಡಿಯಲ್ಲಿ ಮಣ್ಣು ಹೊರಗಿನದಲ್ಲ. ಬೂದಿ ಬುಧವಾರ ಹಣೆಗೆ ಬೂದಿ ಹಚ್ಚುವಾಗ ಗುರುಗಳು ನೆನಪಿಸುವುದು ನಾವು ಮಣ್ಣೆಂಬುದನ್ನೇ. ಪೂಜೆಯಲ್ಲಿ ರೊಟ್ಟಿಯನ್ನು ಅರ್ಪಿಸುವಾಗ ಭೂಮಿಯನ್ನೂ ದುಡಿದ ಕೈಗಳನ್ನೂ ಒಟ್ಟಿಗೆ ಹೆಸರಿಸಲಾಗುತ್ತದೆ. ಸ್ವರ್ಗಾರೋಹಣ ಹಬ್ಬದ ಮುಂಚಿನ ಮೂರು ದಿನ ಹೊಲಗದ್ದೆಗಳಿಗಾಗಿ ಮೆರವಣಿಗೆಯಲ್ಲಿ ಪ್ರಾರ್ಥಿಸುವ ಪದ್ಧತಿ ಹಿಂದೆ ಎಲ್ಲೆಡೆ ಇತ್ತು. ಆದಿಕಾಂಡದಲ್ಲಿ ದೇವರು ಮನುಷ್ಯನನ್ನು ತೋಟದಲ್ಲಿರಿಸಿದಾಗ ಅವನಿಗೆ ವಹಿಸಿದ ಕೆಲಸ ಎರಡು: ಕೃಷಿ ಮಾಡುವುದು ಮತ್ತು ಕಾಯುವುದು. ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ ಲೌದಾತೊ ಸೀ ಪರಿಪತ್ರದಲ್ಲಿ ಈ ಎರಡು ಮಾತುಗಳ ಮೇಲೆ ಬಹಳ ಒತ್ತು ಕೊಟ್ಟರು. ಗೊಬ್ಬರ, ಕೀಟನಾಶಕ, ಕಳೆನಾಶಕಗಳಿಂದಾಗುವ ಕೇಡನ್ನು ಹೆಸರಿಟ್ಟೇ ಹೇಳಿದರು. ಮೊದಲನೆಯ ಕೆಲಸವನ್ನು ನಾವು ಯಂತ್ರಕ್ಕೂ ಚೀಲಕ್ಕೂ ಒಪ್ಪಿಸಿದ್ದೇವೆ. ಎರಡನೆಯದನ್ನು ಯಾರಿಗೂ ಒಪ್ಪಿಸಿಲ್ಲ.

ಸೆಪ್ಟೆಂಬರ್ 8ರ ಮರಿಯಮ್ಮನವರ ಜನನೋತ್ಸವದಂದು ಹೊಸ ತೆನೆಯನ್ನು ಆಶೀರ್ವದಿಸುವ ಪದ್ಧತಿ ಫರಂಗಿಪೇಟೆಯ ಮೊಂತೆ ಮರಿಯಾನೊ ದೇವಾಲಯದಲ್ಲಿ 1763ರಲ್ಲಿ ಫಾದರ್ ಜೊವಾಕಿಂ ಮಿರಾಂದಾ ಅವರಿಂದ ಆರಂಭವಾಯಿತೆಂದು ಹೇಳುತ್ತಾರೆ. ಉತ್ತರಕ್ಕೆ ಗೋವೆಯ ಹಳ್ಳಿಗಳಲ್ಲಿ ಆಗಸ್ಟಿನಲ್ಲೇ ತೆನೆಯ ಹಬ್ಬ ನಡೆಯುತ್ತದೆ. ಎರಡರ ನಡುವಿನ ನೆಲದವರಾದ ನಮಗೆ ತೆನೆಯ ಪಾವಿತ್ರ್ಯವನ್ನು ಯಾರೂ ಕಲಿಸಬೇಕಾಗಿಲ್ಲ. ಮಕ್ಕಳು ಹೂ ತರುತ್ತಾರೆ, ಗುರುಗಳು ಪವಿತ್ರ ಜಲ ಪ್ರೋಕ್ಷಿಸುತ್ತಾರೆ, ತೆನೆ ಮನೆಮನೆಗೆ ಹೋಗುತ್ತದೆ, ಸುಲಿದ ಕಾಳು ಪಾಯಸಕ್ಕೆ ಬೀಳುತ್ತದೆ. ಆ ತೆನೆ ಯಾರ ಗದ್ದೆಯದು, ಅದಕ್ಕೆ ಏನು ಸಿಂಪಡಿಸಿದ್ದರು ಎಂದು ಕೇಳಿದವರನ್ನು ಮಾತ್ರ ನಾವು ಕಂಡಿಲ್ಲ. ಪ್ರತಿ ವಿಚಾರಣೆಯಲ್ಲೂ ಹಬ್ಬದ ತೆನೆಗೆಂದು ಒಂದು ತುಂಡು ಗದ್ದೆಯನ್ನು ದರಕು, ಸಗಣಿ, ಬೂದಿಗಳಿಂದಲೇ ಬೆಳೆಸಿ, ನಾಟಿಗೂ ಕೊಯ್ಲಿಗೂ ಯುವಜನರು ಇಳಿದರೆ ಹೆಚ್ಚು ಖರ್ಚೇನೂ ಬಾರದು. ಫಸಲು ಕಡಿಮೆಯಾದರೆ ಆ ನಷ್ಟವನ್ನು ನಾವು ಉಣ್ಣುವವರೇ ಹಂಚಿಕೊಳ್ಳಬಹುದು. ಅಂದಹಾಗೆ, ಇಸಿದೋರ ಪತ್ನಿ ಮರಿಯಾ ಅವರ ಹಬ್ಬವನ್ನು ಸ್ಪೇನಿನಲ್ಲಿ ಆಚರಿಸುವುದು ಮರುದಿನವೇ, ಸೆಪ್ಟೆಂಬರ್ 9ರಂದು.

ಮ್ಯಾಡ್ರಿಡ್ ಇಂದು ಲಕ್ಷಾಂತರ ಜನರ ಮಹಾನಗರ. ಇಸಿದೋರರು ಉತ್ತ ಹೊಲಗಳ ಮೇಲೆ ಬೀದಿಗಳು ಬಂದಿವೆ. ಮಂಜನಾರೆಸ್ ನದಿಯಾಚೆಯ ದಿಣ್ಣೆಯ ಮೇಲೆ ಅವರ ಹೆಸರಿನ ಒಂದು ಚಿಕ್ಕ ದೇವಾಲಯ, ಅದರ ಪಕ್ಕದಲ್ಲಿ ಒಂದು ಊಟೆ. ಬಾಯಾರಿದ ಒಡೆಯನಿಗಾಗಿ ಇಸಿದೋರರು ನೆಲಕ್ಕೆ ಕೋಲನ್ನು ಊರಿದಾಗ ಚಿಮ್ಮಿದ ನೀರು ಅದೆಂದು ಜನರ ನಂಬಿಕೆ. ಪ್ರತಿ ವರ್ಷ ಮೇ 15ರಂದು ನಗರದ ಜನ ಹಳೆಯ ಕಾಲದ ಉಡುಪು ತೊಟ್ಟು, ಬುತ್ತಿ ಕಟ್ಟಿಕೊಂಡು, ಮಕ್ಕಳನ್ನು ಹೆಗಲೇರಿಸಿಕೊಂಡು ಅಲ್ಲಿಗೆ ಹೋಗುತ್ತಾರೆ. ಸಾಲಿನಲ್ಲಿ ನಿಂತು ಆ ನೀರನ್ನು ಕುಡಿದು ಬರುತ್ತಾರೆ. ಅದೇ ಹೊತ್ತಿಗೆ ಇಲ್ಲಿ ಗಂಗಾವಳಿಯ ದಡದ ಗದ್ದೆಗಳಲ್ಲಿ ಗೊಬ್ಬರದ ಗುಪ್ಪೆಗಳ ಮೇಲೆ ಬೆಳ್ಳಕ್ಕಿಗಳು ಬಂದು ಕುಳಿತಿರುತ್ತವೆ.